ಪಂಚಾಂಗದ ಮೂಲೆಯಲ್ಲಿ ಓಲಾಡುವ ನೀರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೆಂಪುಕಲ್ಲಿನ ಮನೆಗೆ ಪಂಚಾಂಗ ಹಾಕುವಾಗ ಮೇಸ್ತ್ರಿಗಳು ಮಟ್ಟ ನೋಡುವುದು ನೀರು ತುಂಬಿದ ಪಾರದರ್ಶಕ ಪೈಪಿನಲ್ಲಿ. ಎರಡು ಮೂಲೆಗಳಲ್ಲಿ ಇಬ್ಬರು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನಿಲ್ಲುತ್ತಾರೆ. ಬೆರಳು ತೆಗೆದೊಡನೆ ನೀರು ಮೇಲೆ ಕೆಳಗೆ ಆಡತೊಡಗುತ್ತದೆ. ಪ್ರಥಮ ಪಿಯುಸಿಯ ಯು-ಕೊಳವೆಯ ಲೆಕ್ಕವೂ ಇದೇ. ಅಲ್ಲಿ ಪಾದರಸ, ಇಲ್ಲಿ ಬಾವಿನೀರು. ಆ ಲೆಕ್ಕವನ್ನು ನೀರಿಗೆ ಹೊಂದಿಸಿ ಸಾಲು ಸಾಲಾಗಿ ನೋಡೋಣ.

“ಒಂದು ಬದಿಯಲ್ಲಿ ಇಳಿದಷ್ಟೇ ಇನ್ನೊಂದು ಬದಿಯಲ್ಲಿ ಏರುತ್ತದೆ.”

ಪೈಪಿನ ಅಗಲ ಉದ್ದಕ್ಕೂ ಒಂದೇ, ನೀರು ಕುಗ್ಗುವುದಿಲ್ಲ. ಹೆಚ್ಚೇನೂ ಹೇಳಬೇಕಿಲ್ಲ.

“ಮರಳಿ ತಳ್ಳುವ ಬಲ, ಏರಿಕೆಯ ಎರಡರಷ್ಟು ಎತ್ತರದ ನೀರಿನ ತೂಕ.”

ಹುಡುಗರು ಎಡವುವುದು ಈ ‘ಎರಡರಷ್ಟು’ ಎಂಬಲ್ಲಿ. ಈಚೆ 1 ಸೆಂ.ಮೀ. ಏರಿದರೆ ಆಚೆ 1 ಸೆಂ.ಮೀ. ಇಳಿದಿರುತ್ತದೆ, ಎರಡು ಮಟ್ಟಗಳ ನಡುವಿನ ಅಂತರ 2 ಸೆಂ.ಮೀ. ಉಳಿದ ನೀರೆಲ್ಲ ಪರಸ್ಪರ ತೂಗಿಕೊಂಡಿದೆ, ತಳ್ಳುವುದು ಈ 2 ಸೆಂ.ಮೀ. ಮಾತ್ರ.

“ಚಲಿಸಬೇಕಾದದ್ದು ಮಾತ್ರ ಇಡೀ ನೀರು.”

ಪೈಪಿನಲ್ಲಿ 20 ಮೀಟರ್ ನೀರಿದೆ ಎನ್ನಿ. ತಳ್ಳುವ ಪಾಲು ಸಾವಿರದಲ್ಲೊಂದು. ಹಾಗಾಗಿ ವೇಗೋತ್ಕರ್ಷವೂ ಗುರುತ್ವದ ಸಾವಿರದಲ್ಲೊಂದು ಪಾಲು. ಉದ್ದ ಪೈಪಿನ ನೀರು ಸೋಮಾರಿಯಾಗಿ ಆಡುವುದು ಇದಕ್ಕೇ.

“ಸಾಂದ್ರತೆಯೂ ಅಡ್ಡಛೇದದ ವಿಸ್ತೀರ್ಣವೂ ಹೊಡೆದುಹೋಗುತ್ತವೆ.”

ತೂಕದಲ್ಲೂ ಇವಿವೆ, ರಾಶಿಯಲ್ಲೂ ಇವಿವೆ. ನೀರಿಗಿಂತ 13.6 ಪಟ್ಟು ಭಾರದ ಪಾದರಸಕ್ಕೂ ಲೆಕ್ಕ ಬದಲಾಗದು.

“ಅವಧಿ = 2 × ಪೈ × √(ನೀರಿನ ಉದ್ದ ÷ ಗುರುತ್ವದ ಎರಡರಷ್ಟು).”

ಪ್ರಯೋಗಾಲಯದ 1 ಮೀಟರ್ ನೀರಿಗೆ ಸುಮಾರು 1.4 ಸೆಕೆಂಡು, ಮೇಸ್ತ್ರಿಯ 20 ಮೀಟರಿಗೆ 6.3 ಸೆಕೆಂಡು. ನೀರಿನ ಉದ್ದದ ಅರ್ಧದಷ್ಟು ಉದ್ದದ ಲೋಲಕಕ್ಕೂ ಇಷ್ಟೇ ಅವಧಿ. ನ್ಯೂಟನ್ 1687ರ ‘ಪ್ರಿನ್ಸಿಪಿಯ’ದ ಎರಡನೆಯ ಭಾಗದಲ್ಲೇ ಇದನ್ನು ಸಾಧಿಸಿದ್ದ.

“ಘರ್ಷಣೆಯನ್ನು ಕಡೆಗಣಿಸಿದೆ.”

ಪಠ್ಯಪುಸ್ತಕಗಳು ಈ ಸಾಲನ್ನು ಉಸಿರು ಬಿಡದೆ ದಾಟಿಬಿಡುತ್ತವೆ. ನನಗೆ ಕಾಣುವಂತೆ ಲೆಕ್ಕದ ಸ್ವಾರಸ್ಯವೆಲ್ಲ ಇಲ್ಲಿದೆ. ಘರ್ಷಣೆ ನಿಜಕ್ಕೂ ಇಲ್ಲದಿದ್ದರೆ ನೀರು ಆಡುತ್ತಲೇ ಇರುತ್ತಿತ್ತು, ಮೇಸ್ತ್ರಿ ಪೆನ್ಸಿಲ್ ಹಿಡಿದು ನಿಂತೇ ಇರಬೇಕಿತ್ತು! ಹೊಡೆದುಹೋಗಿದ್ದ ಪೈಪಿನ ಅಗಲ ಇಲ್ಲಿ ಮತ್ತೆ ಬಾಗಿಲು ತಟ್ಟುತ್ತದೆ. ಪೈಪ್ ಸಪೂರವಾದಷ್ಟೂ ಗೋಡೆಯ ತಿಕ್ಕಾಟ ಹೆಚ್ಚು, ಓಲಾಟ ಬೇಗ ಅಡಗುತ್ತದೆ. ಬೆರಳಿಗಿಂತ ಸಪೂರದ ಲೆವೆಲ್ ಪೈಪಿನಲ್ಲಿ ಕೆಲವೇ ಓಲಾಟಕ್ಕೆ ನೀರು ನಿಲ್ಲುತ್ತದೆ. ಅದೇ ಪೈಪಿಗೆ ತೆಂಗಿನೆಣ್ಣೆ ತುಂಬಿದರೆ ಓಲಾಟವೇ ಇಲ್ಲ, ಎಣ್ಣೆ ತೆವಳುತ್ತ ಮಟ್ಟಕ್ಕೆ ಬರುತ್ತದೆ.

“ನೀರು ನಿಂತಾಗ ಎರಡೂ ಬದಿ ಸಮಮಟ್ಟ.”

ಒಳಗೆ ಗಾಳಿಗುಳ್ಳೆ ಇರದಿದ್ದರೆ. ಪೈಪಿನಗಲ ತುಂಬಿಕೊಂಡ ಗುಳ್ಳೆ ನೆಲದಲ್ಲಿ ಅಡ್ಡ ಮಲಗಿದ ಭಾಗದಲ್ಲಿದ್ದರೆ ತೊಂದರೆಯಿಲ್ಲ, ಅದಕ್ಕೆ ಎತ್ತರವಿಲ್ಲ. ನೆಟ್ಟಗೆ ನಿಂತ ಭಾಗದಲ್ಲಿ 5 ಸೆಂ.ಮೀ. ಉದ್ದಕ್ಕೆ ಸಿಕ್ಕಿಕೊಂಡರೆ ಗುರುತೂ ಸುಮಾರು 5 ಸೆಂ.ಮೀ. ತಪ್ಪುತ್ತದೆ. ಅದಕ್ಕೇ ಮೇಸ್ತ್ರಿ ಗುರುತು ಹಾಕುವ ಮೊದಲು ಪೈಪಿನುದ್ದಕ್ಕೂ ಕಣ್ಣಾಡಿಸಿ, ಬೆರಳಲ್ಲಿ ತಟ್ಟಿ ಗುಳ್ಳೆ ಹೊರಡಿಸುವುದು.