ತುಂಬಿಸಿ ಕಳಿಸುವ ರೂಢಿ

ಕಾರಿನ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಚಕ್ರಗಳನ್ನು ಮುಟ್ಟದೆ ಸಿಲಿಂಡರಿನ ಗೋಡೆಗಳಿಗೆ ಶಾಖವಾಗಿ ಸೇರುತ್ತದೆ. ಆ ಶಾಖವನ್ನು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುವ ದ್ರವವೇ ಕೂಲಂಟ್. ನೀರನ್ನೂ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನೂ ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿ, ಲೋಹ ತುಕ್ಕು ಹಿಡಿಯದಂತೆ ಕಾಯುವ ಪದಾರ್ಥಗಳನ್ನು ಸೇರಿಸಿ ತಯಾರಿಸಿದ ಈ ಮಿಶ್ರಣವು ಮುಚ್ಚಿದ ದಾರಿಯೊಳಗೆ ಸುತ್ತುತ್ತಿರುತ್ತದೆಯೇ ಹೊರತು ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಾರ್ಖಾನೆಯಲ್ಲಿ ತುಂಬುವಾಗ ಒಳಗೆ ಉಳಿದ ಗಾಳಿಗುಳ್ಳೆಗಳು ಹೊರಬಂದಂತೆ ಮೊದಲ ಕೆಲವು ತಿಂಗಳಲ್ಲಿ ಮಟ್ಟ ಒಂದಿಷ್ಟು ಇಳಿದು ಅಲ್ಲಿಯೇ ನಿಲ್ಲಬಹುದು. ಅದನ್ನು ಬಿಟ್ಟರೆ, ಎರಡು ಮೂರು ವರ್ಷದ ಕಾರಿನಲ್ಲಿ ಕೂಲಂಟ್ ಮತ್ತೆ ಮತ್ತೆ ಇಳಿಯುತ್ತಿದೆಯೆಂದರೆ ಅದು ಎಲ್ಲಿಂದಲೋ ಸೋರುತ್ತಿದೆ ಎಂದೇ ತಿಳಿಯಬೇಕು.

ಈ ದೂರು ಹೊತ್ತು ಬಂದ ಕಾರಿಗೆ ಸರ್ವಿಸ್ ಸೆಂಟರುಗಳಲ್ಲಿಯೂ ರಸ್ತೆಬದಿಯ ಗ್ಯಾರೇಜುಗಳಲ್ಲಿಯೂ ಸಾಮಾನ್ಯವಾಗಿ ಸಿಗುವ ಮೊದಲ ಉಪಚಾರವೆಂದರೆ ಕೂಲಂಟಿನ ಡಬ್ಬಿಯನ್ನು ಮೇಲಿನ ಗೆರೆಯವರೆಗೆ ತುಂಬಿಸಿ, ‘ಟಾಪ್‌ಅಪ್ ಮಾಡಿದೀವಿ ಸರ್, ಸಾವಿರ ಕಿಲೋಮೀಟರ್ ಓಡಿಸಿ ನೋಡಿ’ ಎಂದು ಕಳಿಸುವುದು. ದ್ರವ ಕಡಿಮೆಯಾದ ಕಾರನ್ನು ಹಾಗೆಯೇ ಓಡಿಸಲಾಗದಾದ್ದರಿಂದ ತುಂಬಿಸುವುದು ತಪ್ಪಲ್ಲ. ತುಂಬಿಸುವ ಮೊದಲು ಅಳೆಯದಿರುವುದು ತಪ್ಪು. ಎಷ್ಟು ಕಿಲೋಮೀಟರಿಗೆ ಎಷ್ಟು ಮಿಲಿಲೀಟರ್ ಹೋಯಿತೆಂಬ ಲೆಕ್ಕವೊಂದೇ ಆ ಹಂತದಲ್ಲಿ ಕೈಯಲ್ಲಿರುವ ಸಾಕ್ಷ್ಯವಾಗಿರುವಾಗ, ಅಂದಾಜಿನಲ್ಲಿ ಸುರಿದ ಅರ್ಧ ಬಾಟಲಿ ಆ ಸಾಕ್ಷ್ಯವನ್ನು ಅಳಿಸಿಹಾಕುತ್ತದೆ.

ಅಳತೆಗೂ ಒಂದು ಕ್ರಮವಿದೆ. ಆರು ಲೀಟರ್ ಹಿಡಿಯುವ ವ್ಯವಸ್ಥೆಯೊಂದರಲ್ಲಿ ಬೆಳಗಿನ ತಣ್ಣನೆಯ ಸ್ಥಿತಿಯಿಂದ ಪೂರ್ತಿ ಬಿಸಿಯಾಗುವ ಹೊತ್ತಿಗೆ ದ್ರವವು ಕಾಲು ಲೀಟರಿನಷ್ಟಾದರೂ ಹಿಗ್ಗುವುದರಿಂದ, ಸಂಜೆ ಓಡಿಸಿ ತಂದ ಕಾರಿನ ಮಟ್ಟವನ್ನು ಮರುದಿನ ಬೆಳಗಿನ ಮಟ್ಟದೊಂದಿಗೆ ಹೋಲಿಸಿದರೆ ಇಲ್ಲದ ಸೋರಿಕೆ ಕಾಣುತ್ತದೆ, ಇರುವ ಸೋರಿಕೆ ಮರೆಯಾಗುತ್ತದೆ. ರಾತ್ರಿಯಿಡೀ ನಿಂತ ಕಾರನ್ನು, ಅದೇ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಚಾಲೂ ಮಾಡುವ ಮೊದಲೇ ನೋಡಿ, ಡಬ್ಬಿಯ ಹೊರಮೈ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಯಾವ ಉಪಕರಣವೂ ಇಲ್ಲದೆ ಅರ್ಧ ರೋಗನಿದಾನ ಮುಗಿಯುತ್ತದೆ. ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳನ್ನು ನಂಬಿ ಕೂರುವುದು ಇದಕ್ಕೆ ಬದಲಿಯಲ್ಲ. ಅನೇಕ ಕಾರುಗಳಲ್ಲಿ ಆ ಮುಳ್ಳು ಉಷ್ಣತೆಯ ಸಣ್ಣಪುಟ್ಟ ಏರಿಳಿತಕ್ಕೆ ಕದಲದೆ ನಡುವೆ ನಿಲ್ಲುವಂತೆ ಹೊಂದಿಸಲ್ಪಟ್ಟಿರುತ್ತದೆ, ಮೇಲಾಗಿ ದ್ರವ ತೀರಾ ಇಳಿದು ಸಂವೇದಕವು ಗಾಳಿಯಲ್ಲಿ ಉಳಿದರೆ ಅದು ತೋರಿಸುವ ಉಷ್ಣತೆಗೆ ಅರ್ಥವೇ ಉಳಿಯುವುದಿಲ್ಲ.

ಕಾರಿನಡಿ ನೆಲ ಒಣಗಿದೆ ಎಂಬ ಕಾರಣಕ್ಕೆ ಸೋರಿಕೆಯಿಲ್ಲವೆಂದು ತೀರ್ಮಾನಿಸುವುದೂ ದುಡುಕೇ ಸರಿ. ಇಂದಿನ ಕಾರುಗಳ ಎಂಜಿನ್ ಕೆಳಗೆ ಪ್ಲಾಸ್ಟಿಕ್ ತಟ್ಟೆಯೊಂದು ಹಾಸಿರುತ್ತದೆ, ಹನಿಗಳು ಅಲ್ಲಿಯೇ ತಂಗುತ್ತವೆ. ಬಿಸಿ ಲೋಹದ ಮೇಲೆ ಬಿದ್ದ ಹನಿ ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಆವಿಯಾದ ಹನಿ ಗುರುತನ್ನು ಮಾತ್ರ ಬಿಟ್ಟುಹೋಗುತ್ತದೆ. ವಾಟರ್ ಪಂಪಿನ ಒಡಲಲ್ಲಿ, ಅದರ ಸೀಲು ಸವೆದಾಗ ದ್ರವ ಹೊರಬರಲೆಂದೇ ಕೊರೆದ ಸಣ್ಣ ರಂಧ್ರದ ಕೆಳಗೆ, ಅಥವಾ ಹೋಸ್ ಪೈಪು ಕ್ಲ್ಯಾಂಪಿನಡಿ ಕೂಡುವ ಅಂಚಿನಲ್ಲಿ, ಗಡಸು ನೀರಿನ ನಲ್ಲಿಯ ಬಾಯಲ್ಲಿ ಕಟ್ಟುವಂಥ ಪುಡಿಪುಡಿಯಾದ ಪೊರೆ, ಕೂಲಂಟಿನ ಬಣ್ಣಕ್ಕೆ ತಕ್ಕಂತೆ ತೆಳು ಗುಲಾಬಿಯಾಗಿಯೋ ಹಸಿರಾಗಿಯೋ, ಟಾರ್ಚು ಹಿಡಿದು ನೋಡಿದರೆ ಕಾಣುತ್ತದೆ. ನೆಲದ ಮೇಲೆ ಬಿದ್ದದ್ದು ಬಣ್ಣವಿಲ್ಲದ ತೆಳು ನೀರಾದರೆ ಅದು ಬಹುಶಃ ಏಸಿಯದು. ಬೆರಳಿಗೆ ಜಾರುವ, ಸಿಹಿ ವಾಸನೆಯ ಬಣ್ಣದ ದ್ರವವಾದರೆ ಕೂಲಂಟಿನದು. ಎಥಿಲೀನ್ ಗ್ಲೈಕಾಲ್ ಸಿಹಿಯೂ ಹೌದು ವಿಷವೂ ಹೌದು, ಬೀದಿನಾಯಿಗಳು ಅದನ್ನು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಆದ್ದರಿಂದ ಹಾಗೆ ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು.

ಕಣ್ಣಿಗೆ ಏನೂ ಕಾಣದಿದ್ದಾಗ ಮಾಡಬೇಕಾದದ್ದು ಪ್ರೆಶರ್ ಟೆಸ್ಟ್. ಕೂಲಂಟ್ ವ್ಯವಸ್ಥೆಯ ಮುಚ್ಚಳ ತೆಗೆದು ಆ ಜಾಗಕ್ಕೆ ಕೈಪಂಪನ್ನು ಜೋಡಿಸಿ, ಮುಚ್ಚಳ ತಾಳಿಕೊಳ್ಳುವಷ್ಟೇ ಒತ್ತಡವನ್ನು, ಅಂದರೆ ಸಾಮಾನ್ಯವಾಗಿ ಒಂದು ಬಾರ್‌ನ ಆಸುಪಾಸು, ಒಳಗೆ ಕೊಟ್ಟು ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕಾಯುವ ಈ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ, ಹೊತ್ತು ಬೇಕು. ದಿನಕ್ಕೆ ಚಮಚದಷ್ಟು ಸೋರುವ ಬಿರುಕು ಹದಿನೈದು ನಿಮಿಷದ ಪರೀಕ್ಷೆಯಲ್ಲಿ ಮುಳ್ಳನ್ನು ಕದಲಿಸದಿರಬಹುದು. ರಾತ್ರಿಯಿಡೀ ಒತ್ತಡದಲ್ಲಿ ಬಿಟ್ಟಾಗ ಅದೇ ಬಿರುಕು ಸಿಕ್ಕಿಬೀಳುತ್ತದೆ. ಮುಚ್ಚಳವನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ಬಿಡುವುದು ಇನ್ನೊಂದು ಲೋಪ: ಒಳಗಿನ ಒತ್ತಡವೇ ದ್ರವದ ಕುದಿಬಿಂದುವನ್ನು ಏರಿಸಿಡುವುದರಿಂದ, ಸ್ಪ್ರಿಂಗು ಸೋತ ಮುಚ್ಚಳವಿರುವ ಕಾರು ಶಿರಾಡಿ ಘಾಟಿಯ ಏರಿನಲ್ಲಿ ಕೂಲಂಟನ್ನು ಆವಿಯಾಗಿ ಕಳೆದುಕೊಂಡು, ಊರಿನ ರಸ್ತೆಯಲ್ಲಿ ಏನೂ ಆಗದಂತೆ ಓಡಬಲ್ಲದು.

ರೂಢಿಯ ತಪಾಸಣೆ ಹೆಚ್ಚಾಗಿ ಎಡವುವುದು ಒಳಸೋರಿಕೆಯಲ್ಲಿ. ಹೆಡ್ ಗ್ಯಾಸ್ಕೆಟ್ ಎಂದರೆ ಸಿಲಿಂಡರುಗಳ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂತು ಅನಿಲ, ಎಣ್ಣೆ, ಕೂಲಂಟ್ ಮೂರನ್ನೂ ಬೇರೆಬೇರೆಯಾಗಿಡುವ ತೆಳು ಹಾಳೆ. ಇದು ಒಂದೆಡೆ ಸಡಿಲವಾದರೆ, ಎಂಜಿನ್ ಓಡುವಾಗ ಉರಿಯುವ ಅನಿಲದ ಒತ್ತಡ ಕೂಲಂಟಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುವುದರಿಂದ ಅನಿಲ ಕೂಲಂಟಿನೊಳಗೆ ನುಗ್ಗುತ್ತದೆ. ಎಂಜಿನ್ ಆಫ್ ಆದ ಮೇಲೆ ಸಿಲಿಂಡರು ಬರಿದಾಗಿ, ಕೂಲಂಟಿನ ಒತ್ತಡ ಮಾತ್ರ ಉಳಿಯುವುದರಿಂದ ದ್ರವ ಸಿಲಿಂಡರಿನೊಳಗೆ ಹನಿಯುತ್ತದೆ. ಮುಂಜಾನೆ ಚಾಲೂ ಮಾಡಿದ ಕೂಡಲೇ ಎಂಜಿನ್ ಒಂದೆರಡು ಕ್ಷಣ ಒದರಾಡಿ, ಸಿಹಿ ವಾಸನೆಯ ಬಿಳಿ ಹೊಗೆ ಬಿಟ್ಟು ಆಮೇಲೆ ಸರಿಯಾಗುವುದು ಈ ಕಾರಣದಿಂದಲೇ. ಹತ್ತು ಗಂಟೆಗೆ ಗ್ಯಾರೇಜು ತಲುಪುವ ಬಿಸಿ ಎಂಜಿನ್ನಿನಲ್ಲಿ ಈ ಲಕ್ಷಣ ಇರುವುದೇ ಇಲ್ಲ, ಮಾಲೀಕರ ಮಾತನ್ನು ಅನುಮಾನಿಸಲಾಗುತ್ತದೆ. ಕೂಲಂಟಿನ ಮೇಲಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿ, ಇಂಗಾಲದ ಡೈಆಕ್ಸೈಡ್ ಇದ್ದರೆ ಅದು ಹಳದಿಗೆ ತಿರುಗುವುದನ್ನು ನೋಡುವ ಪರೀಕ್ಷೆ ಉಪಯುಕ್ತವಾದರೂ, ಅನಿಲ ಒಳನುಗ್ಗುವ ಹೊತ್ತಿನಲ್ಲಿ ಮಾಡಿದರಷ್ಟೇ ಫಲ. ಬಣ್ಣ ಬದಲಾಗಲಿಲ್ಲವೆಂದು ಗ್ಯಾಸ್ಕೆಟ್ ನಿರ್ದೋಷಿಯೆನ್ನುವಂತಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ರಂಧ್ರದಲ್ಲಿ ಸಣ್ಣ ಕ್ಯಾಮೆರಾ ಇಳಿಸಿದಾಗ, ಮಸಿ ಹಿಡಿದ ಮೂರು ಪಿಸ್ಟನ್ನುಗಳ ನಡುವೆ ಒಂದು ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿದ್ದರೆ ಅದಕ್ಕಿಂತ ಗಟ್ಟಿಯಾದ ಸುಳಿವು ಸಿಗುವುದು ಕಷ್ಟ.

ಹೊಸ ಕಾರಿನಲ್ಲಿ ಇಂಥದ್ದೆಲ್ಲ ಆಗದು ಎಂಬ ನಂಬಿಕೆಗೆ ಆಧಾರವಿಲ್ಲ. 2017ರ ಮಾರ್ಚ್‌ನಲ್ಲಿ ಫೋರ್ಡ್ ಕಂಪನಿಯು ಉತ್ತರ ಅಮೆರಿಕದಲ್ಲಿ 1.6 ಲೀಟರಿನ ಟರ್ಬೊ ಎಂಜಿನ್ ಇದ್ದ ಸುಮಾರು 2 ಲಕ್ಷ 30 ಸಾವಿರ ವಾಹನಗಳನ್ನು ಹಿಂದಕ್ಕೆ ಕರೆಸಿತು; 2013ರಿಂದ 2015ರ ಮಾದರಿಗಳಾಗಿದ್ದ ಅವುಗಳಲ್ಲಿ ಕೂಲಂಟ್ ಸರಿಯಾಗಿ ಹರಿಯದೆ ಎಂಜಿನ್ ಕಾದು, ಹೆಡ್ ಬಿರುಕುಬಿಟ್ಟು, ಎಣ್ಣೆ ಹೊರಚಿಮ್ಮಿ ಬೆಂಕಿ ಹೊತ್ತುವ ಅಪಾಯವಿತ್ತು. ಪರಿಹಾರವಾಗಿ ಅಳವಡಿಸಿದ್ದು ಕೂಲಂಟಿನ ಮಟ್ಟ ಇಳಿದರೆ ಚಾಲಕನಿಗೆ ತಿಳಿಸುವ ಸಂವೇದಕವನ್ನು. ಮಟ್ಟವೆಂಬ ಸರಳ ಸಂಗತಿಗೆ ಎಷ್ಟು ತೂಕವಿದೆಯೆಂಬುದು ಇದರಿಂದ ತಿಳಿಯುತ್ತದೆ.

ಕಾರಣ ಹುಡುಕದೆ ಮಾಡುವ ಉಪಾಯಗಳಲ್ಲಿ ಸೋರಿಕೆ ಮುಚ್ಚುವ ಪುಡಿಯನ್ನು ಸುರಿಯುವುದು ತೀರಾ ಕೆಟ್ಟದ್ದು, ಏಕೆಂದರೆ ಬಿರುಕನ್ನು ತುಂಬುವ ಪುಡಿಯು ರೇಡಿಯೇಟರಿನ ಸಣ್ಣ ನಾಳಗಳನ್ನೂ ಕಟ್ಟಿಹಾಕಬಲ್ಲದು. ಬೋರ್‌ವೆಲ್ ನೀರು ಸುರಿಯುವುದು ಅದರ ನಂತರದ್ದು.

ಕಾರಿನ ಕೆಲಸವನ್ನು ಗ್ಯಾರೇಜಿನಲ್ಲಿ ದಾಖಲಿಸುವ ಜಾಬ್ ಕಾರ್ಡೂ ಆಸ್ಪತ್ರೆಯ ಕೇಸ್ ಶೀಟಿನಷ್ಟೇ ಮುಖ್ಯವಾದದ್ದು. ಮಾಲೀಕರು ಹೇಳಿದ ದೂರು, ಆ ದಿನದ ಓಡೋಮೀಟರ್ ಅಂಕಿ, ಹಾಕಿದ ಕೂಲಂಟಿನ ಮಿಲಿಲೀಟರು, ಪರೀಕ್ಷೆಗೆ ಕೊಟ್ಟ ಒತ್ತಡ ಮತ್ತು ಕಾದ ಹೊತ್ತು, ಇಷ್ಟು ಬರೆಯಲು ಐದು ಸಾಲು ಸಾಕು. ಅವುಗಳ ಬದಲು ‘ಜನರಲ್ ಚೆಕಪ್’ ಎಂದಷ್ಟೇ ಬರೆದ ಮೂರು ಕಾರ್ಡುಗಳನ್ನು ಹಿಡಿದು, ವಾರಂಟಿ ಮುಗಿದ ಮರುತಿಂಗಳು ಹೆಡ್ ಗ್ಯಾಸ್ಕೆಟ್ ಹೋದಾಗ ಬರುವ ಮಾಲೀಕರಿಗೆ, ದೋಷ ಮೊದಲ ವರ್ಷದಿಂದಲೇ ಇತ್ತೆಂದು ತೋರಿಸಲು ಕಾಗದದಲ್ಲಿ ಏನೂ ಇರುವುದಿಲ್ಲ.