ಕಾಡಿಗೆ ಕೆಂಪು ಬಸ್ಸು

ನಾಗರಹೊಳೆ ನೋಡಬೇಕೆಂದರೆ ಸಫಾರಿಗೆ ಹೋಗಬೇಕು, ಇಲ್ಲವೇ ಸ್ವಂತ ಕಾರಿರಬೇಕು. ಸರ್ಕಾರಿ ಬಸ್ಸೇನಿದ್ದರೂ ಗತಿಯಿಲ್ಲದವರಿಗೆ. ಮೈಸೂರು ಸೀಮೆಯಲ್ಲಿ ಈ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಕಾಡಿನ ಬಗ್ಗೆ ಕಾಳಜಿ ಇರುವವರು ಇನ್ನೊಂದು ಮಾತು ಸೇರಿಸುತ್ತಾರೆ: ಬಸ್ಸು ಕಾಡಿನ ನೆಮ್ಮದಿ ಕೆಡಿಸುತ್ತದೆ, ಸಫಾರಿ ಕಾಡನ್ನು ಕಾಯುತ್ತದೆ. ನನಗೆ ಇವೆರಡೂ ಒಪ್ಪಿಗೆಯಿಲ್ಲ. ಮೈಸೂರು ಜಿಲ್ಲೆಯ ಬಡಗಣ ಭಾಗದ ಹೊಸ ಅಗ್ರಹಾರದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಹುಣಸೂರು, ಎಚ್.ಡಿ. ಕೋಟೆಗಳಲ್ಲಿ ಬಸ್ಸು ಬದಲಿಸಿ, ಹೊತ್ತಿರುವಾಗಲೇ ಕೇರಳ ಗಡಿಯ ಬಾವಲಿ ಮುಟ್ಟುವವರಿಗೆ ಕಾಡು ಅರ್ಥವಾಗುವಷ್ಟು ಸಫಾರಿ ಜೀಪಿನಲ್ಲಿ ಕೂತವರಿಗೆ ಆಗದು.

ಸಫಾರಿ ಕಾಡನ್ನು ಊರಿನಿಂದ ಬೇರ್ಪಡಿಸಿ ತೋರಿಸುತ್ತದೆ. ಬಸ್ಸಿಗೆ ಆ ಹಂಗಿಲ್ಲ. ಕೆ.ಆರ್. ನಗರದ ಕಡೆ ಕಿಟಕಿಯಾಚೆ ನಾಲೆ, ಭತ್ತದ ಗದ್ದೆ. ಹುಣಸೂರು ಸೀಮೆಗೆ ಬಂದರೆ ಹೊಗೆಸೊಪ್ಪಿನ ಹೊಲ, ಹೊಲದ ಮಗ್ಗುಲಲ್ಲಿ ಸೊಪ್ಪು ಹದಗೊಳಿಸುವ ಎತ್ತರದ ಬ್ಯಾರನ್ನು, ಬ್ಯಾರನ್ನಿನ ಪಕ್ಕ ಸೌದೆ ರಾಶಿ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಾಗುವ ಸೊಪ್ಪು ಹದವಾಗುವುದು ಬಹುಪಾಲು ಈ ಸೌದೆಯ ಉರಿಯಲ್ಲಿ. ವೀರನಹೊಸಹಳ್ಳಿ ಕಡೆ ತಿರುಗಿದರೆ ಆನೆ ತಡೆಯಲು ನೆಟ್ಟ ಹಳೇ ರೈಲು ಕಂಬಿಯ ಬೇಲಿ. ನಾಲೆ, ಸೌದೆ, ಬೇಲಿ ಮೂರನ್ನೂ ಒಂದೇ ದಿನ ನೋಡಿದವರು, ಆನೆ ಊರಿಗೇಕೆ ನುಗ್ಗುತ್ತದೆ ಎಂದು ಮುಗ್ಧವಾಗಿ ಕೇಳಲಾರರು. ಗೇಟಿನೊಳಗೆ ಶುರುವಾಗಿ ಗೇಟಿನೊಳಗೇ ಮುಗಿಯುವ ಸಫಾರಿಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಇನ್ನು, ಮನುಷ್ಯನ ಕೈ ಸೋಕದ ಕಾಡು ಎಂಬ ಮಾತು. ಅಂತರಸಂತೆ ದಾಟಿ ಬಸ್ಸು ಕಾಡು ಹೊಕ್ಕಾಗ ರಸ್ತೆಯ ಇಕ್ಕೆಲದಲ್ಲಿ ತೇಗದ ಮರಗಳು ಸಾಲಿಗೆ ನಿಂತಿರುತ್ತವೆ. ತಾವಾಗಿ ಬೆಳೆದ ಮರ ಹಾಗೆ ಸಾಲು ಹಿಡಿಯುವುದಿಲ್ಲ. ಪ್ರವಾಸಿಗರು ಬೇಸಿಗೆಯಲ್ಲಿ ಆನೆ ಹಿಂಡಿನ ಚಿತ್ರ ತೆಗೆಯುವ ಕಬಿನಿ ಹಿನ್ನೀರು, 1974ರಲ್ಲಿ ಮುಗಿದ ಅಣೆಕಟ್ಟೆಯ ಫಲ. ಕಾಡಾನೆ ಹಿಂಡು ಹಿಡಿಯುವ ಖೆಡ್ಡಾ ಕಾಕನಕೋಟೆಯಲ್ಲಿ ಕೊನೆಯದಾಗಿ ನಡೆದದ್ದು 1971ರಲ್ಲಿ. ಆ ಜಾಗ ಈಗ ನೀರಿನಡಿ ಇದೆ. ದಾರಿಯಲ್ಲೇ ಸಿಗುವ ಬಳ್ಳೆ ಶಿಬಿರ, ದಸರೆಯ ಅಂಬಾರಿ ಹೊತ್ತ ಅರ್ಜುನ ಇದ್ದ ಜಾಗ. ಆ ಆನೆ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರು ಬಳಿ ಕಾಡಾನೆ ಹಿಡಿಯುವ ಕೆಲಸದಲ್ಲೇ ಸತ್ತಿತು. ಇದು ಮನುಷ್ಯರು ಕಡಿದು, ನೆಟ್ಟು, ಮುಳುಗಿಸಿ, ಪಳಗಿಸಿದ ಕಾಡು. ಹಾಗೆಂದು ಅದರ ಬೆಲೆ ಕಡಿಮೆಯಾಗುವುದಿಲ್ಲ. ಅದರ ಕತೆಯನ್ನು ಮಾತ್ರ ಸರಿಯಾಗಿ ಹೇಳಬೇಕು.

ಆ ಕತೆಯಲ್ಲಿ ಜನರೂ ಇದ್ದಾರೆ. ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳಿಂದ ಬಸ್ಸು ಹತ್ತುವವರು ಶಾಲೆಗೆ, ಆಸ್ಪತ್ರೆಗೆ, ಸಂತೆಗೆ, ಕೂಲಿಗೆ ಹೊರಟವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹಾಡಿಯ ಹೆಂಗಸು ಕಾಸಿಲ್ಲದೆಯೂ ಎಚ್.ಡಿ. ಕೋಟೆಗೆ ಹೋಗಿಬರಬಹುದು. ಸಫಾರಿಯ ಚಿತ್ರಗಳಲ್ಲಿ ಇವರಿಗೆ ಜಾಗವಿಲ್ಲ. ನಾಗರಹೊಳೆಯೊಳಗಿನ ಮೂರ್ಕಲ್‌ನಲ್ಲಿ ತಾಜ್ ಸಮೂಹಕ್ಕೆ ವಸತಿಗೃಹ ಗುತ್ತಿಗೆ ಕೊಟ್ಟಾಗ ಬೀದಿಗಿಳಿದದ್ದೂ ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಈ ಆದಿವಾಸಿಗಳೇ. 1997ರಲ್ಲಿ ಹೈಕೋರ್ಟು ಆ ಗುತ್ತಿಗೆಯನ್ನು ಅಕ್ರಮವೆಂದಿತು. ಕಾಡು ಕಾಯುವವರು ಯಾರು ಎಂಬ ಚರ್ಚೆಯಲ್ಲಿ ಈ ತೀರ್ಪನ್ನು ನೆನೆಯುವವರು ಕಡಿಮೆ.

ಬಸ್ಸಿನ ಸದ್ದು, ಗಾಲಿಗೆ ಸಿಕ್ಕುವ ಪ್ರಾಣಿಗಳ ಮಾತು ಸುಳ್ಳಲ್ಲ. ಬಾವಲಿ ರಸ್ತೆಯನ್ನು ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚುವುದು ಸರಿಯಾದ ಕ್ರಮ, ಅದನ್ನು ಸಡಿಲಿಸಬಾರದು. ಆದರೆ ಹಗಲಿನ ಲೆಕ್ಕ ಬೇರೆ. ಐವತ್ತು ಜನ ಒಂದು ಬಸ್ಸಿನಲ್ಲಿ ದಾಟಬಹುದಾದಲ್ಲಿ ಕಾರಿಗೆ ನಾಲ್ಕು ಜನರಂತೆ ಹೋದರೂ ಹನ್ನೆರಡು ಹದಿಮೂರು ಕಾರು ಬೇಕು. ರಾತ್ರಿ ಸಂಚಾರ ನಿಷೇಧಿಸಿದ ಬಂಡೀಪುರದಲ್ಲೂ ಕೆಲವೇ ಸಾರಿಗೆ ಬಸ್ಸುಗಳಿಗೆ ವಿನಾಯಿತಿ ಕೊಟ್ಟಿರುವುದರ ಹಿಂದೆ ಇದೇ ವಿವೇಕವಿದೆ. ಅಲ್ಲದೆ ಬಸ್ಸು ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ. ಒಳಗಿನ ಮಣ್ಣುದಾರಿಗಳಲ್ಲಿ ಹುಲಿ ಅರಸಿ ಸುತ್ತುವುದು ಸಫಾರಿ ಗಾಡಿ. ಸಫಾರಿಯಿಂದ ಇಲಾಖೆಗೆ ಹಣ, ಕೆಲವರಿಗೆ ಕೆಲಸ ಸಿಗುತ್ತದೆ, ನಿಜ. ಆದರೆ ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಪತ್ತೆಗೆ ಹಚ್ಚಬೇಕಾಯಿತು. ಕಷ್ಟದ ಹೊತ್ತಿನಲ್ಲಿ ಮೊದಲು ಕೈಬಿಡಬಹುದಾದದ್ದು ಯಾವುದೆಂದು ಆ ಆದೇಶವೇ ಹೇಳಿತು.

ಬಸ್ಸು ಹುಲಿ ತೋರಿಸುವ ಭರವಸೆ ಕೊಡುವುದಿಲ್ಲ, ಕೂರಲು ಸೀಟು ಸಿಗುತ್ತದೆಂಬ ಭರವಸೆಯೂ ಇಲ್ಲ. ಆ ಎರಡನೆಯದನ್ನು ಸರಿಪಡಿಸಬಹುದು. ಕಾಡಂಚಿನಲ್ಲಿ ಹೊಸ ರೆಸಾರ್ಟಿಗೆ ಅನುಮತಿ ಕೊಡುವ ಮೊದಲು ಹುಣಸೂರು–ಕುಟ್ಟ, ಕೋಟೆ–ಬಾವಲಿ ರಸ್ತೆಗಳಲ್ಲಿ ಹಗಲಿನ ಬಸ್ಸು ಹೆಚ್ಚಿಸಲಿ. ಓದುಗರೂ ಮುಂದಿನ ರಜೆಗೆ ಕಾರು ಮನೆಯಲ್ಲಿ ಬಿಟ್ಟು ಬಸ್ಸು ಹತ್ತಲಿ. ಗೇಟು ಮುಚ್ಚುವುದರೊಳಗೆ ವಾಪಸ್ಸು ಬರುವ ಬಸ್ಸು ಎಷ್ಟು ಹೊತ್ತಿಗೆಂದು ಮಾತ್ರ ಮೊದಲೇ ವಿಚಾರಿಸಿಕೊಂಡಿರಿ.