ಕಳೆದುಹೋದ ಊರು, ಕಳೆಯದ ಜನ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ಈ ಸಲ ಸೀರೆ ತರಲಿಲ್ಲ, ಒಂದು ಇಂಗ್ಲಿಷ್ ಪುಸ್ತಕ ತಂದಳು. ಅಮೆರಿಕದ ಹಿರಾಮ್ ಬಿಂಗಮ್ 1948ರಲ್ಲಿ ಪ್ರಕಟಿಸಿದ ‘ಲಾಸ್ಟ್ ಸಿಟಿ ಆಫ್ ದಿ ಇಂಕಾಸ್’, ಅಂದರೆ ಇಂಕಾ ಜನರ ಕಳೆದುಹೋದ ಊರು. ತಪ್ಪು ನನ್ನದೇ. ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿದ ಮೇಲೆ ನಾನು ಮನೆಯಲ್ಲಿ ಪೆರುವಿನ ಮಾತು ಬಿಟ್ಟು ಬೇರೆ ಮಾತು ಆಡಿರಲಿಲ್ಲ. ನಮ್ಮಂತೆಯೇ ಕನ್ನಡ ಮಾತಾಡುವ ಹೆಣ್ಣುಮಗಳೊಬ್ಬಳು ಅಷ್ಟು ದೂರ ಹೋಗಿ, ನೋಡಿ, ಬಂದು ಬರೆದಳು ಎನ್ನುವುದೇ ಜೇವರ್ಗಿಯ ಅಡುಗೆಮನೆಯಲ್ಲಿ ಕೂತ ನನಗೆ ದೊಡ್ಡ ಸುದ್ದಿಯಾಗಿತ್ತು. ಆ ಊರಿನ ಕಥೆಯನ್ನು ಲೋಕಕ್ಕೆ ಮೊದಲು ದೊಡ್ಡದಾಗಿ ಹೇಳಿದವನ ಪುಸ್ತಕವನ್ನೂ ಓದಬೇಕೆನಿಸಿತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದೆ. ಓದಿ ಮುಗಿಸಿದಾಗ ಸಂತೋಷಕ್ಕಿಂತ ತಕರಾರೇ ಹೆಚ್ಚು ಉಳಿಯಿತು. ಆ ತಕರಾರನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಸೊಗಸನ್ನು ಒಪ್ಪಿಕೊಳ್ಳಬೇಕು. 1911ರ ಜುಲೈ 24. ಉರುಬಂಬಾ ನದಿಯ ಕಣಿವೆಯಲ್ಲಿ ಜಿನುಗು ಮಳೆಯ ಮುಂಜಾನೆ. ಮೇಲೆ ಬೆಟ್ಟದ ನೆತ್ತಿಯಲ್ಲಿ ಹಾಳು ಗೋಡೆಗಳಿವೆ ಎಂದು ಮೆಲ್ಚೊರ್ ಅರ್ತೆಯಾಗ ಎಂಬ ರೈತ ಹೇಳುತ್ತಾನೆ. ಬಿಂಗಮ್‌ನ ಜೊತೆಗಾರರಿಗೆ ಹತ್ತುವ ಮನಸ್ಸಿಲ್ಲ. ಒಬ್ಬನಿಗೆ ನದಿದಂಡೆಯ ಚಿಟ್ಟೆಗಳೇ ಸಾಕು. ಇನ್ನೊಬ್ಬ, ವೈದ್ಯ, ತನಗೆ ಬಟ್ಟೆ ಒಗೆಯುವುದಿದೆ ಎಂದು ಹಿಂದೆ ಉಳಿಯುತ್ತಾನೆ. ಬಟ್ಟೆ ಒಗೆಯುವ ಕಾರಣಕ್ಕೆ ಗಂಡಸೊಬ್ಬ ಲೋಕಪ್ರಸಿದ್ಧನಾಗುವ ಅವಕಾಶ ಕಳೆದುಕೊಂಡದ್ದನ್ನು ನಾನು ಓದಿದ್ದು ಇದೇ ಮೊದಲು. ಹೆಂಗಸರು ಇದೇ ಕಾರಣಕ್ಕೆ ಕಳೆದುಕೊಂಡದ್ದರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಬಿಂಗಮ್ ಹತ್ತುತ್ತಾನೆ. ಮೇಲೆ ಅವನಿಗೆ ಎದುರಾಗುವುದು ನಿರ್ಜನ ಹಾಳೂರಲ್ಲ, ಗುಡಿಸಲು. ರಿಚಾರ್ತೆ ಮತ್ತು ಆಲ್ವಾರೆಸ್ ಎಂಬ ರೈತರ ಸಂಸಾರಗಳು ಅಲ್ಲಿ ಇಂಕಾ ಕಾಲದ ಮೆಟ್ಟಿಲುಹೊಲಗಳಲ್ಲೇ ಬೆಳೆ ಬೆಳೆದುಕೊಂಡಿವೆ. ಅವರು ಸೋರೆಬುರುಡೆಯಲ್ಲಿ ತಣ್ಣನೆಯ ನೀರು ಕೊಡುತ್ತಾರೆ, ಬೇಯಿಸಿದ ಗೆಣಸು ಕೊಡುತ್ತಾರೆ. ಒಬ್ಬ ಪುಟ್ಟ ಹುಡುಗ ಮುಂದೆ ನಡೆದು ದಾರಿ ತೋರಿಸುತ್ತಾನೆ. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗೋಡೆಗಳ ವರ್ಣನೆ ನಿಜಕ್ಕೂ ಚೆನ್ನಾಗಿದೆ. ಕಲ್ಲು ನೋಡುವ ಕಣ್ಣು ಅವನಿಗಿತ್ತು.

ನನ್ನ ತಕರಾರು ಶುರುವಾಗುವುದು ಪುಸ್ತಕದ ಹೆಸರಿನಿಂದಲೇ. ಕಳೆದುಹೋದ ಊರು ಎಂದರೆ ಯಾರಿಗೆ ಕಳೆದುಹೋದದ್ದು? ಅಲ್ಲಿ ಒಲೆ ಉರಿಯುತ್ತಿತ್ತು, ಗೆಣಸು ಬೇಯುತ್ತಿತ್ತು. ಅಷ್ಟೇ ಅಲ್ಲ, ಅಲ್ಲಿಯ ಗೋಡೆಯ ಮೇಲೆ ಅಗುಸ್ತಿನ್ ಲಿಸಾರ್ರಾಗ ಎಂಬವನು ತನ್ನ ಹೆಸರನ್ನೂ 1902 ಎಂಬ ಇಸವಿಯನ್ನೂ ಬರೆದಿದ್ದ. ಬಿಂಗಮ್ ತನ್ನ ಮೊದಲ ಟಿಪ್ಪಣಿ ಪುಸ್ತಕದಲ್ಲಿ ಇದನ್ನು ಬರೆದುಕೊಂಡಿದ್ದ. ಮೂವತ್ತೇಳು ವರ್ಷ ಕಳೆದು ಈ ಪುಸ್ತಕ ಬಂದಾಗ ಆ ಹೆಸರಿಗೆ ಅದರಲ್ಲಿ ಜಾಗ ಉಳಿದಿರಲಿಲ್ಲ. ಕಥೆ ಬೆಳೆದಂತೆ ಪಾತ್ರಗಳು ಕಡಿಮೆಯಾದವು. ಕೊನೆಗೆ ಒಬ್ಬನೇ ಉಳಿದ.

ಎರಡನೆಯ ತಕರಾರು ಹೆಣ್ಣುಮಕ್ಕಳಾದ ನಮಗೆ ಇನ್ನೂ ಹತ್ತಿರದ್ದು. 1912ರಲ್ಲಿ ಬಿಂಗಮ್‌ನ ತಂಡ ಅಲ್ಲಿ ನೂರಕ್ಕೂ ಹೆಚ್ಚು ಸಮಾಧಿಗಳನ್ನು ತೆರೆಯಿತು. ಎಲುಬುಗಳನ್ನು ಪರೀಕ್ಷಿಸಿದ ಜಾರ್ಜ್ ಈಟನ್ ಅವುಗಳಲ್ಲಿ ಬಹುಪಾಲು ಹೆಂಗಸರವೆಂದ. ಅಷ್ಟು ಸಾಕಾಯಿತು. ಇದು ಸೂರ್ಯದೇವನಿಗೆ ಅರ್ಪಿತರಾದ ಕನ್ಯೆಯರ ಊರು, ಹೊರಲೋಕ ಕಾಣದೆ ಅವರು ಇಲ್ಲೇ ಬದುಕಿ ಇಲ್ಲೇ ತೀರಿದರು ಎಂಬ ಕಥೆ ಹುಟ್ಟಿತು. ಪುಸ್ತಕದಲ್ಲಿ ಅದು ದೊಡ್ಡ ಸಡಗರದಿಂದ ಬರುತ್ತದೆ. ಓದುವಾಗ ನನಗೂ ಮೈ ಜುಮ್ಮೆಂದಿತ್ತು. ಆದರೆ 2000ದ ಸುಮಾರಿಗೆ ಜಾನ್ ವೆರಾನೊ ಎಂಬ ವಿದ್ವಾಂಸರು ಅದೇ ಎಲುಬುಗಳನ್ನು ಮತ್ತೆ ಪರೀಕ್ಷಿಸಿದರು. ಆ ಬೆಟ್ಟದ ಜನ ಗಿಡ್ಡ ಮೈಕಟ್ಟಿನವರು. ಗಂಡಸರ ಸಣ್ಣ ಎಲುಬುಗಳನ್ನು ಈಟನ್ ಹೆಂಗಸರದೆಂದು ಎಣಿಸಿದ್ದ. ಗಂಡಸರೂ ಹೆಂಗಸರೂ ಬಹಳ ವ್ಯತ್ಯಾಸವಿಲ್ಲದ ಲೆಕ್ಕದಲ್ಲಿದ್ದರು, ಕೂಸುಗಳೂ ಇದ್ದವು. ಅಂದರೆ ಅದು ಸಂಸಾರಗಳಿದ್ದ ಊರು. ಹದಿನೈದನೆಯ ಶತಮಾನದಲ್ಲಿ ಪಚಕೂತಿ ಎಂಬ ಇಂಕಾ ದೊರೆ ತನ್ನ ಪರಿವಾರದೊಂದಿಗೆ ಬಂದಿರಲು ಕಟ್ಟಿಸಿದ ಅರಮನೆಯ ಊರು ಎಂದು ಈಗ ವಿದ್ವಾಂಸರು ಹೇಳುತ್ತಾರೆ. ಅಲ್ಲಿ ನೆಲದಡಿ ಮಲಗಿದ್ದವರು ಹೆಚ್ಚಾಗಿ ಅರಮನೆಯ ಕೆಲಸದವರು. ನೀರು ಹೊತ್ತವರು, ನೂಲು ತೆಗೆದವರು, ಮಕ್ಕಳನ್ನು ಹೆತ್ತವರು. ಅವರನ್ನು ಕನ್ಯೆಯರನ್ನಾಗಿ ಮಾಡಿದ್ದು ಒಂದು ತಪ್ಪು ಅಳತೆ, ಮತ್ತು ಆ ತಪ್ಪನ್ನು ಬಿಟ್ಟುಕೊಡಲು ಇಷ್ಟವಿಲ್ಲದ ಒಂದು ಕಲ್ಪನೆ.

ಈಗ ಆ ಊರಿಗೆ ನಡೆದು ಹೋಗಲು ಹಳೆಯ ಇಂಕಾ ಹಾದಿಯಿದೆ. ನಾಲ್ಕು ದಿನ, ಸುಮಾರು 43 ಕಿಲೋಮೀಟರ್. ಹಾದಿಯ ಅತಿ ಎತ್ತರದ ಕಣಿವೆ 4,215 ಮೀಟರಿನಲ್ಲಿದೆ, ಅದರ ಹೆಸರು ‘ಸತ್ತ ಹೆಂಗಸಿನ ಕಣಿವೆ’. ದೂರದಿಂದ ಆ ಬೆಟ್ಟಸಾಲು ಮಲಗಿದ ಹೆಂಗಸಿನಂತೆ ಕಾಣುತ್ತದಂತೆ. ದಿನಕ್ಕೆ 500 ಜನರಿಗೆ ಮಾತ್ರ ಅನುಮತಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರೆಯಾಳುಗಳು, ಅಡುಗೆಯವರು, ದಾರಿ ತೋರುವವರು. ಪ್ರವಾಸ ಕಥನಗಳನ್ನು ಓದುವಾಗ ಈ ಅರ್ಧಕ್ಕಿಂತ ಹೆಚ್ಚಿನ ಜನ ಎಲ್ಲಿ ಹೋದರೆಂದು ಹುಡುಕುವುದು ಈಗ ನನ್ನ ಚಟವಾಗಿದೆ.

ಇಷ್ಟು ದೂರದ ಜಗಳ ನಿನಗೇಕೆ ಎಂದು ನೀವು ಕೇಳಬಹುದು. ಇದು ದೂರದ್ದಲ್ಲ, ನಮ್ಮ ಭೀಮಾ ದಂಡೆಯದು.

ನನ್ನ ಅವ್ವ ಸನ್ನತಿಯ ಚಂದ್ರಲಾಂಬೆಯ ಒಕ್ಕಲು. ವರ್ಷಕ್ಕೊಮ್ಮೆ ಉಡಿ ತುಂಬಲು ಹೋಗುತ್ತಿದ್ದಳು. ಋಷಿಯ ಹೆಂಡತಿಯನ್ನು ಒಬ್ಬ ರಾಜ ಎಳೆದೊಯ್ದಾಗ ದೇವಿ ದುಂಬಿಗಳ ರೂಪದಲ್ಲಿ ಅವನನ್ನು ಕೊಂದ ಕಥೆಯನ್ನು ನಾನು ಕೇಳಿದ್ದು ಅವ್ವನ ಬಾಯಲ್ಲೇ. ಅದೇ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯೂ ಇತ್ತು. 1986ರಲ್ಲಿ ಅದರ ಚಾವಣಿ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ಅಶೋಕನ 12 ಮತ್ತು 14ನೆಯ ಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಮೂರ್ತಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ಕೊರೆದ ತೂತಿನಲ್ಲಿ ಕೆಲವು ಅಕ್ಷರಗಳು ಹೋಗಿದ್ದವು. ವಿದ್ವಾಂಸರು ಸಂಭ್ರಮಪಟ್ಟರು. ನಮ್ಮ ಮನೆಯಲ್ಲಿ ಅವ್ವ ಎರಡು ದಿನ ಊಟ ಬಿಟ್ಟು ಅತ್ತಳು. ಅವರಿಗೆ ಕಲ್ಲು ಸಿಕ್ಕಿತ್ತು, ಅವಳಿಗೆ ಕಾಳವ್ವ ಹೋಗಿದ್ದಳು.

ಅವ್ವನಿಗೆ ಓದು ಬಾರದಿದ್ದುದನ್ನು ನಾನು ಹಾಡಿ ಹೊಗಳಲಾರೆ. ಬ್ರಾಹ್ಮಿ ಓದುವವರು ಬರದೇ ಇದ್ದಿದ್ದರೆ ಆ ಕಲ್ಲು ಇನ್ನೊಂದು ಗುಡಿಯ ಮೆಟ್ಟಿಲಾಗಿ ಹೋಗುತ್ತಿತ್ತೇನೋ. ಬೇರೆಯವರ ಧರ್ಮವನ್ನು ಹೀನಾಯವಾಗಿ ಕಾಣಬೇಡಿ ಎಂದು ಹೇಳುವ ಶಾಸನ ಆ 12ನೆಯದು. ಬೇರೆ ಊರುಗಳಲ್ಲಿ ಉಳಿದ ಅದರ ಪೂರ್ಣ ಪಾಠದಲ್ಲಿ, ಹೆಂಗಸರ ವಿಚಾರ ನೋಡಿಕೊಳ್ಳುವ ಅಧಿಕಾರಿಗಳ ಮಾತೂ ಬರುತ್ತದೆ. ಅವ್ವ ಅಷ್ಟು ವರ್ಷ ಹಣೆ ಹಚ್ಚಿದ ಕಲ್ಲಿನ ಮೇಲೆ ಇಂಥದೊಂದು ಶಾಸನವಿತ್ತು, ಅವಳಿಗೆ ಅದನ್ನು ಓದಿ ಹೇಳುವವರಿರಲಿಲ್ಲ. ಆದ್ದರಿಂದ ಬಿಂಗಮ್ ಅಳೆದದ್ದು, ಫೋಟೋ ತೆಗೆದದ್ದು, ಲೋಕಕ್ಕೆ ಸಾರಿದ್ದು ಸುಳ್ಳು ಕೆಲಸವೆಂದು ನಾನು ಹೇಳುವುದಿಲ್ಲ. ನೀರು ಕೊಟ್ಟವರನ್ನು ಕಥೆಯ ಅಂಚಿಗೆ ಸರಿಸಿ, ಊರು ಕಳೆದುಹೋಗಿತ್ತು ಎಂದದ್ದು ಮಾತ್ರ ತಪ್ಪು.

ಪುಸ್ತಕ ಮುಗಿದ ಮೇಲೆ ನಾವು ಮೂವರು ಗೆಳತಿಯರು ಒಂದು ನಿಶ್ಚಯ ಮಾಡಿದೆವು. ಒಬ್ಬಳು ಆಳಂದದವಳು, ಒಬ್ಬಳು ಅಫಜಲಪುರದವಳು, ಮೂರನೆಯವಳು ನಾನು. ಶಿಕ್ಷಕರ ತರಬೇತಿ ಕಾಲದ ಗೆಳೆತನ, ಈಗ ಮೂವರಿಗೂ ಮೊಣಕಾಲು ನೋವು. ಮೊದಲು ಗಾಣಗಾಪುರದಲ್ಲಿ ಸೇರಿ, ಮಠದಿಂದ ಸಂಗಮದವರೆಗೆ ನಡೆದೆವು. ಆಳಂದದ ಕಡೆಯಿಂದ ಬರುವ ಅಮರ್ಜಾ ಅಲ್ಲಿ ಭೀಮೆಯನ್ನು ಕೂಡುತ್ತದೆ. ಎದುರಾದವರೆಲ್ಲ ಕೈಮುಗಿದರು, ಯಾರೂ ಏನೂ ಕೇಳಲಿಲ್ಲ. ಹರಕೆಗೆ ನಡೆಯುವ ಹೆಂಗಸಿಗೆ ದಾರಿ ತಾನೇ ಬಿಡುತ್ತದೆ. ನಮ್ಮ ಕಡೆಯ ಹೆಂಗಸರು ಶ್ರೀಶೈಲಕ್ಕೆ ನಡೆಯುತ್ತಾರೆ, ಪಂಢರಪುರಕ್ಕೆ ನಡೆಯುತ್ತಾರೆ. ಅವರ ಕಾಲಿನ ಶಕ್ತಿಯನ್ನು ಯಾರೂ ಸಂಶಯಿಸುವುದಿಲ್ಲ.

ಮುಂದಿನ ತಿಂಗಳು ಕನಗನಹಳ್ಳಿಗೆ ಹೋದೆವು. ಚಿತ್ತಾಪುರ ತಾಲ್ಲೂಕು, ಸನ್ನತಿಯಿಂದ ಮೂರು ಕಿಲೋಮೀಟರಿನ ಆಸುಪಾಸು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬಾಟಲಿಯಲ್ಲಿ ನೀರು. ಈ ಸಲ ಹರಕೆ ಇರಲಿಲ್ಲ, ಸುಮ್ಮನೆ ನೋಡಲು ಹೊರಟಿದ್ದೆವು. ಬಸ್ಸಿಳಿದ ಕೂಡಲೇ ಒಬ್ಬರು ಹಿರಿಯರು ಕೇಳಿದರು: “ಜೋಡಿ ಗಂಡಸರು ಯಾರೂ ಬಂದಿಲ್ಲೇನ್ರಿ? ಏನ್ ನೋಡ್ಲಾಕ್ ಹೊಂಟೀರಿ ಅಲ್ಲಿ, ಬರೇ ಕಲ್ಲದಾವ.” ಅವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಆದರೂ ನಾವು ಮೂವರೂ ಒಟ್ಟಿಗೆ, ಹೇಳಿಕೊಟ್ಟವರಂತೆ, “ಚಂದ್ರಲಾಂಬಾಗ ಹೊಂಟೀವ್ರಿ” ಎಂದೆವು. ಸುಳ್ಳೇನೂ ಅಲ್ಲ, ಅಲ್ಲಿಗೂ ಹೋಗುವವರಿದ್ದೆವು. ಆದರೆ ನಿಜವನ್ನು ಹೇಳುವ ಧೈರ್ಯ ಬರಲಿಲ್ಲ. ನೇಮಿಚಂದ್ರರ ಪುಸ್ತಕ ನನ್ನನ್ನು ಯಾಕೆ ಅಷ್ಟು ಅಲ್ಲಾಡಿಸಿತ್ತು ಎಂಬುದು ಆ ಬಸ್ ನಿಲ್ದಾಣದಲ್ಲಿ ತಿಳಿಯಿತು. ಪೆರು ದೂರದ್ದು ಎಂಬುದಕ್ಕಲ್ಲ. ಹೆಂಗಸೊಬ್ಬಳು ದೇವರ ನೆಪ ಹೇಳದೆ ಹೊರಟಿದ್ದಳು ಎಂಬುದಕ್ಕೆ.

ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಅಲ್ಲಿಯ ಒಂದು ಚಪ್ಪಡಿಯ ಮೇಲೆ ರಾಜ ರಾಣಿಯರು, ಪಕ್ಕದಲ್ಲಿ ಚಾಮರ ಛತ್ರಿ ಹಿಡಿದ ಸೇವಕಿಯರು. ಅಂಚಿನಲ್ಲಿ ‘ರಾಯೋ ಅಸೋಕೋ’ ಎಂಬ ಬರಹ. ಅಶೋಕನ ಹೆಸರನ್ನೇ ಬರೆದಿಟ್ಟ ಅವನ ಚಿತ್ರ ಎಂದು ಇದಕ್ಕೆ ಲೋಕದಲ್ಲಿ ಹೆಸರು. ಉತ್ಖನನ ಮುಗಿದು ಎಷ್ಟೋ ವರ್ಷ ಈ ಕಲ್ಲುಗಳು ಬಯಲಲ್ಲೇ ಬಿದ್ದಿದ್ದವು. 2022ರಲ್ಲಿ ಸಂರಕ್ಷಣೆಯ ಕೆಲಸ ಆರಂಭವಾಯಿತು. ಕಲ್ಲು ನಮ್ಮ ನೆಲದ ಸುಣ್ಣಕಲ್ಲು. ನಮ್ಮ ಅಡುಗೆಮನೆಗೆ ಹಾಸುವ ಶಹಾಬಾದಿ ಚಪ್ಪಡಿಯ ಬಳಗ. ಆಳಂದದ ಗೆಳತಿ ಅದನ್ನು ಸವರಿ, “ದಿನಾ ಒರಸ್ತೀನಿ, ಇದರಾಗ ಹೂ ಅರಳತದಂತ ಗೊತ್ತಿದ್ದಿಲ್ಲ” ಎಂದಳು.

ಆ ಸ್ತೂಪಕ್ಕೆ ಕಲ್ಲು ಕೊಟ್ಟ ದಾನಿಗಳ ಹೆಸರುಗಳು ಅಲ್ಲಿಯ ಶಾಸನಗಳಲ್ಲಿವೆ. ಅವರಲ್ಲಿ ಹೆಂಗಸರಿದ್ದಾರೆ, ಭಿಕ್ಷುಣಿಯರಿದ್ದಾರೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಭೀಮಾ ದಂಡೆಯಲ್ಲಿ ಹೆಣ್ಣುಮಗಳೊಬ್ಬಳು ಇದು ನನ್ನ ದಾನ ಎಂದು ಹೆಸರು ಹಾಕಿಸಿದ್ದಳು. ಬಿಂಗಮ್‌ನ ಪುಸ್ತಕದ ಎದುರು ನಾನು ಇಡಬೇಕೆಂದಿದ್ದ ಪುಸ್ತಕ ಇದೇ ಎನಿಸಿತು. ಇದರಲ್ಲಿ ಒಬ್ಬನೇ ನಾಯಕನಿಲ್ಲ. ರಾಜನ ಹೆಸರಿರುವಂತೆ ಕಲ್ಲು ಕೊಟ್ಟವರ ಹೆಸರೂ ಇದೆ.

ಅಲ್ಲಿಂದ ಸನ್ನತಿಗೆ ನಡೆದೇ ಹೊರಟೆವು. ಪುಷ್ಯ ಮಾಸದ ಬಿಸಿಲೆಂದು ಹಗುರ ಮಾಡಿದ್ದು ತಪ್ಪಾಯಿತು, ಅರ್ಧ ದಾರಿಗೆ ನೀರು ಮುಗಿಯಿತು. ತೊಗರಿ ಕೊಯ್ಯುತ್ತಿದ್ದ ಹೆಣ್ಣುಮಗಳೊಬ್ಬಳು ಕರೆದು ಕೊಡದಿಂದ ನೀರು ಬಗ್ಗಿಸಿದಳು. ಗುಡಿಗೆ ಒಳದಾರಿಯನ್ನೂ ಅವಳೇ ತೋರಿಸಿದಳು. ನಾನು ಚೀಲದಿಂದ ವಹಿ ತೆಗೆದು ಹೆಸರು ಕೇಳಿದೆ. ಲಿಸಾರ್ರಾಗನಿಗೆ ಆದದ್ದು ನನ್ನ ಕೈಯಲ್ಲಿ ಆಗಬಾರದೆಂಬ ಹಟ ನನ್ನದು. ಅವಳು ಹೆಸರು ಹೇಳಿದಳು. ನಾನು ಬರೆದುಕೊಂಡೆ. ಆಮೇಲೆ ಅವಳು ಕುಡಗೋಲು ನಿಲ್ಲಿಸಿ ಕೇಳಿದಳು: “ಎದಕ್ಕ ಬರಕೊಂಡ್ರಿ ಬಾಯಾರ?”

ಪುಸ್ತಕದಾಗ ಹಾಕ್ತೀನಿ ಎಂದೆ.

“ಬ್ಯಾಡ್ರೆವ್ವಾ. ನಮ್ಮ ಮನಿ ಗಂಡಸರು ಬೈತಾರ. ನೀರು ಕೊಟ್ಟೀನಿ, ಅಷ್ಟ ಬರೀರಿ.”

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಹೆಸರು ಅಳಿಸುವವನು ಯಾವಾಗಲೂ ಹೊರಗಿನಿಂದ ಬಂದ ಬಿಂಗಮನೇ ಆಗಿರಬೇಕಿಲ್ಲ ಎಂಬುದನ್ನು ನನ್ನ ವಿಮರ್ಶೆಯಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸನ್ನತಿಯಲ್ಲಿ ಅವ್ವನ ಹೆಸರಿನಲ್ಲಿ ಉಡಿ ತುಂಬಿಸಿದೆ. ವಹಿಯ ಆ ಪುಟ ಹಾಗೆಯೇ ಇದೆ. ಮುಂದಿನ ಸುಗ್ಗಿಗೆ ಮತ್ತೆ ಹೋಗುತ್ತೇವೆ. ಅವಳ ಹೊಲದ ಬದುವಿನಲ್ಲಿ ಕೂತು ಬುತ್ತಿ ಬಿಚ್ಚಿ ಇನ್ನೊಮ್ಮೆ ಕೇಳಬೇಕೆಂದಿದ್ದೇನೆ. ಸದ್ಯಕ್ಕೆ ಅವಳು ಹೇಳಿದಷ್ಟೇ ಬರೆದಿದ್ದೇನೆ. ನೀರು ಕೊಟ್ಟಳು.